‘ತಾರಾಯಿ, ಉಡುಪಿ’ ಎಂಬ ತಂತಿ ವಿಳಾಸ

ಪಕ್ಕದ ಮನೆಯ ಶ್ರಾವ್ಯಳಿಗೆ ಕೆಲಸ ಸಿಕ್ಕಿದೆ. ಎಂಥ ಕೆಲಸ ಎಂದು ಕೇಳಿದರೆ ಇಂಟರ್ನೆಟ್ಟಿನಲ್ಲಿ ಹೆಸರು ಕೊಡುವ ಕೆಲಸ ಎಂದಳು. ದೇಶಕ್ಕೆಲ್ಲ ಒಂದೇ ದೊಡ್ಡ ದಾಖಲೆ ಇರುತ್ತದಂತೆ. ಒಂದು ಹೆಸರು ಒಬ್ಬರಿಗೆ ಮಾತ್ರ. ಮೊದಲು ಕೇಳಿದವರಿಗೆ ಮೊದಲು. ವರ್ಷ ವರ್ಷವೂ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು, ಮರೆತರೆ ಇನ್ನೊಬ್ಬರು ಹಾರಿಸಿಕೊಂಡು ಹೋಗುತ್ತಾರೆ. ಹೆಸರಿನ ಬಾಲದಲ್ಲಿ ದೇಶದ ಗುರುತು ಇರುತ್ತದೆ, ಯಂತ್ರ ಅದನ್ನು ಬಾಲದಿಂದ ತಲೆಯ ಕಡೆಗೆ ಓದುತ್ತಾ ಬಂದು ಸರಿಯಾದ ಮನೆಯನ್ನು ಹುಡುಕುತ್ತದೆ. ಇಷ್ಟನ್ನೂ ಹೇಳಿ ಕೊನೆಗೆ, “ನಿಮಗೆ ಇದು ಅರ್ಥ ಆಗುದು ಸ್ವಲ್ಪ ಕಷ್ಟ ಅಜ್ಜಿ” ಎಂದು ಸೇರಿಸಿದಳು. ನಾನು ನಕ್ಕ ರಭಸಕ್ಕೆ ಲೋಟದ ಚಾ ಸೀರೆಯ ಮೇಲೆ ಚೆಲ್ಲಿತು. “ಮಾರಾಯ್ತಿ, ನಾನು ಸಂಬಳ ತಕ್ಕೊಂಡು ಮಾಡಿದ್ದು ಇದನ್ನೇ” ಎಂದೆ. ಹುಡುಗಿ ನಂಬಲಿಲ್ಲ. ಅವಳೂ ಅವಳ ಜೊತೆ ಆ ಕೆಲಸಕ್ಕೆ ಸೇರಿದವರೂ ನಂಬಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಪಿಂಚಣಿಯ ಕಚೇರಿಗೆ ಬೇಕಾದ ವಿಷಯ, ಇಲ್ಲಿ ಅದರ ಸುದ್ದಿ ಇಲ್ಲ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಉಡುಪಿಯ ತಂತಿ ಕಚೇರಿಗೆ ಸೇರಿದೆ. ಮನೆ ಕಾಪುವಿನಲ್ಲಿ, ದಿನಾ ಬಸ್ಸು. ತಂತಿ ಎಂದರೆ ಟೆಲಿಗ್ರಾಂ ಎಂದು ಈಗ ಬಿಡಿಸಿ ಹೇಳಬೇಕಾದ ಕಾಲ ಬಂದಿದೆ. ಅದರಲ್ಲಿ ಪದ ಪದಕ್ಕೂ ದುಡ್ಡು, ವಿಳಾಸದ ಪದಗಳಿಗೂ ದುಡ್ಡು. ಮುಂಬಯಿಯ ವ್ಯಾಪಾರಿಯೊಬ್ಬ ಉಡುಪಿಯ ಅಂಗಡಿಗೆ ದರ ಏರಿತು ಎಂದು ತಿಳಿಸಬೇಕಾದರೆ ಸುದ್ದಿಗಿಂತ ವಿಳಾಸವೇ ಉದ್ದವಾಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಅದಕ್ಕಾಗಿ ಅಂಗಡಿ, ಮಿಲ್ಲು, ಹೋಟೆಲುಗಳವರು ನಮ್ಮ ಕಚೇರಿಗೆ ಬಂದು ಒಂದೇ ಪದದ ಹೆಸರನ್ನು ನೋಂದಾಯಿಸಿಕೊಳ್ಳುತ್ತಿದ್ದರು. ಆ ಪದ, ಅದರ ಮುಂದೆ ಉಡುಪಿ. ಅಷ್ಟು ಬರೆದರೆ ಸಾಕು, ತಂತಿ ಅವರ ಬಾಗಿಲಿಗೆ ಬರುತ್ತಿತ್ತು. ಅದಕ್ಕೆ ತಂತಿ ವಿಳಾಸ ಎಂದು ಹೆಸರು. ಹಳೆಯ ಅಂಗಡಿಗಳ ಕಾಗದದ ಮೂಲೆಯಲ್ಲಿ ಈಗಲೂ ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಹೆಸರು ಕೊಡುವ ಆ ಕಿಟಕಿಯಲ್ಲಿ ನನ್ನನ್ನು ಕೂರಿಸಿದರು.

ಕೂರಿಸಿದವರು ಶ್ರೀಪತಿ ರಾಯರು. ನಮ್ಮ ಕಚೇರಿಯ ಟೆಲಿಗ್ರಾಫ್ ಮಾಸ್ಟರ್. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ನಾನೋ ಕಾಪು ಪೇಟೆಗೇ ಕೇಳುವ ಹಾಗೆ ಮಾತಾಡುವವಳು. ನನ್ನ ಬಾಯಿ ಅವರಿಗೆ ದೊಡ್ಡ ತಲೆನೋವು ಎಂದು ಮೊದಲ ವಾರವೇ ಗೊತ್ತಾಯಿತು. ಆದರೆ ಅದೇ ವಾರ ಅವರು ಒಂದು ತಂತಿಯನ್ನು ನನ್ನ ಮುಂದಿಟ್ಟು ಕೇಳಿದ ಪ್ರಶ್ನೆ ನನ್ನ ಬಾಯಿಯನ್ನೇ ಮುಚ್ಚಿಸಿತು. ತಂತಿ ಏಡನ್ ಬಂದರಿನಿಂದ ಬಂದದ್ದು.

“ಏಡನ್ನಿನಲ್ಲಿ ಕೂತ ಗುಮಾಸ್ತನಿಗೆ ಉಡುಪಿ ಎಲ್ಲಿ ಅಂತ ಗೊತ್ತುಂಟಾ?”

“ಎಲ್ಲಿಂದ ಗೊತ್ತಿರ್ತದೆ ಸಾರ್?”

“ಮತ್ತೆ ಇದು ಹೇಗೆ ಬಂತು?”

ರಾಯರು ವಿಳಾಸದ ಕೊನೆಯ ಪದದ ಮೇಲೆ ಬೆರಳಿಟ್ಟರು. “ಅವನು ಇದನ್ನು ಮಾತ್ರ ನೋಡಿದ. ಇಂಡಿಯಾ. ಮುಂಬಯಿಗೆ ದಾಟಿಸಿದ. ಮುಂಬಯಿಯವನು ಅದರ ಹಿಂದಿನ ಪದ ನೋಡಿದ. ಉಡುಪಿ. ಅದು ಮಂಗಳೂರಿನ ಕೆಳಗೆ ಬರ್ತದೆ ಅಂತ ಅವನಿಗೆ ಗೊತ್ತುಂಟು, ಅಷ್ಟೇ. ಮಂಗಳೂರಿನವನು ನಮಗೆ ಕೊಟ್ಟ. ಈ ಮೊದಲಿನ ಪದ ಯಾರದ್ದು ಅಂತ ಅವರು ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದ್ದೂ ಇಲ್ಲ. ಅದು ನಿನಗೆ ಮಾತ್ರ ಗೊತ್ತಿರಬೇಕು.” ತಂತಿಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಹೇಳಿದರು: “ಇಡೀ ಪ್ರಪಂಚದಲ್ಲಿ ಎಲ್ಲ ಗೊತ್ತಿದ್ದವರು ಯಾರೂ ಇಲ್ಲ ಮಾರಾಯ್ತಿ. ಮುಂದೆ ಯಾರನ್ನು ಕೇಳ್ಬೇಕು ಅಂತ ಮಾತ್ರ ಎಲ್ಲರಿಗೂ ಗೊತ್ತುಂಟು.”

ನನಗೆ ಮೈ ಜುಂ ಎಂದಿತು. ಆ ತಂತಿ ಹಾದು ಬಂದ ಸಮುದ್ರದ ಅಂಚಿನಲ್ಲೇ ನನ್ನ ಮನೆ. ಕಾಪುವಿನ ದೀಪಸ್ತಂಭದ ಬೆಳಕು ಸಮುದ್ರದ ಮೇಲೆ ತಿರುಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು, ಅದರಾಚೆ ಊರುಗಳಿವೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಆ ಊರುಗಳವನೊಬ್ಬ ಕೈಯಲ್ಲಿ ಒಂದು ಪದ ಹಿಡಿದು ಕೇಳುತ್ತಾ ಕೇಳುತ್ತಾ ನನ್ನ ಮೇಜಿಗೆ ಬಂದು ನಿಲ್ಲುತ್ತಾನೆ, ಇಲ್ಲಿಂದ ಮುಂದೆ ದಾರಿ ತೋರಿಸಲು ಭೂಮಿಯ ಮೇಲೆ ನಾನೊಬ್ಬಳೇ ಎಂದರೆ ಯಾರಿಗೆ ಆಶ್ಚರ್ಯವಾಗುವುದಿಲ್ಲ! ಆ ದಿನ ಬಸ್ಸಿನಲ್ಲಿ ಪಕ್ಕದವರ ಹತ್ತಿರವೂ ಮಾತಾಡದೆ ಮನೆಗೆ ಹೋದೆ. ಜ್ವರ ಬಂದಿದೆಯೇ ಎಂದು ಅಮ್ಮ ಹಣೆ ಮುಟ್ಟಿ ನೋಡಿದರು.

ನಿಯಮಗಳು ಸರಳ. ಒಂದು ಕಚೇರಿಯಲ್ಲಿ ಒಂದು ಪದ ಒಬ್ಬರಿಗೆ. ಇನ್ನೊಂದನ್ನು ಹೋಲುವ ಪದ ಕೊಡಬಾರದು. ಪದ ಯಾರ ಆಸ್ತಿಯೂ ಅಲ್ಲ, ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ವರ್ಷದ ಮಟ್ಟಿಗೆ ಬಳಸಲು ಕೊಟ್ಟದ್ದು. ವರ್ಷ ಮುಗಿಯುವ ಮೊದಲು ಬಂದು ಮುಂದುವರಿಸದಿದ್ದರೆ ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಯಾರು ಮೊದಲೋ ಅವರಿಗೆ. ಯಾರ ಹೆಸರಿನ ತಂತಿ ಯಾವ ಮನೆಗೆ ಹೋಗುತ್ತದೆ, ಎಷ್ಟು ಬಂತು, ಏನು ಬಂತು ಎಂದು ಹೊರಗಿನ ನರಪಿಳ್ಳೆಗೂ ಹೇಳಬಾರದು. ಈ ಕೊನೆಯ ನಿಯಮ ನನ್ನ ಬಾಯಿಗಾಗಿಯೇ ಮಾಡಿದ್ದು ಎಂದು ರಾಯರು ನಂಬಿದ್ದರು.

ಸರಳ ನಿಯಮಕ್ಕೆ ಜಗಳ ಜಾಸ್ತಿ. ಉಡುಪಿಯಲ್ಲಿ ಹೊಸ ಅಂಗಡಿ ತೆರೆದವರೆಲ್ಲರಿಗೂ ಕೃಷ್ಣ ಎಂಬ ಹೆಸರೇ ಬೇಕು. ಅದನ್ನು ನಾನು ಹುಟ್ಟುವ ಮೊದಲೇ ಒಂದು ಅಕ್ಕಿ ಗಿರಣಿಯವರು ಹಿಡಿದಿದ್ದರು. ಶ್ರೀಕೃಷ್ಣ ಕೊಡಿ, ಬಾಲಕೃಷ್ಣ ಕೊಡಿ ಎಂದು ಕೇಳುವರು. ಹೋಲುತ್ತದೆ, ಆಗುವುದಿಲ್ಲ ಎನ್ನುವುದು ನನ್ನ ಕೆಲಸ. ಒಬ್ಬ ಹೋಟೆಲಿನವರಂತೂ ಕಿಟಕಿಯ ಸರಳು ಹಿಡಿದು ಕೂಗಿದರು: “ಎಂತ ಮಾರಾಯ್ತಿ ಇದು, ಕೃಷ್ಣನ ಊರಿನಲ್ಲಿ ಕೃಷ್ಣನಿಗೆ ಗಿರಣಿಯವ ಒಬ್ಬನೇ ಯಜಮಾನನಾ? ಮಠದವರು ಬಂದು ಕೇಳಿದರೂ ಹೀಗೇ ಹೇಳ್ತೀಯಾ?” ಹೀಗೇ ಹೇಳುತ್ತೇನೆ ಎಂದೆ. ಅವರು ಕೊನೆಗೆ ಆನಂದ ಎಂಬ ಪದ ತೆಗೆದುಕೊಂಡು ಹೋದರು.

ಆ ಆನಂದವೂ ಅವರಿಗೆ ನೆಟ್ಟಗೆ ದಕ್ಕಲಿಲ್ಲ. ಕಾರ್ಕಳದಲ್ಲಿ ಕಲ್ಲಿನ ಮೂರ್ತಿ ಕೆತ್ತಿಸಿ ಮಾರುವವರೊಬ್ಬರು ಅಲ್ಲಿನ ಕಚೇರಿಯಲ್ಲಿ ಇದೇ ಪದ ಹಿಡಿದಿದ್ದರು. ಅದು ತಪ್ಪಲ್ಲ. ಕಾರ್ಕಳದ ಆನಂದ ಬೇರೆ, ಉಡುಪಿಯ ಆನಂದ ಬೇರೆ, ಊರಿನ ಪದ ಅವೆರಡನ್ನೂ ಬೇರೆ ಮಾಡುತ್ತದೆ. ಆದರೆ ಮದರಾಸಿನ ಗಿರಾಕಿಯೊಬ್ಬ ಕಾರ್ಕಳ ಎಂದು ಬರೆಯುವಲ್ಲಿ ಉಡುಪಿ ಎಂದು ಬರೆದ. ಹೋಟೆಲಿನವರು ತಂತಿ ಹಿಡಿದು ಓಡಿ ಬಂದರು. “ನೋಡು, ಎರಡು ಸಿಂಹ ಕೂಡಲೇ ಕಳಿಸಿ ಅಂತ ಉಂಟು. ನನ್ನಲ್ಲಿ ಇಡ್ಲಿ ಉಂಟು, ಗೋಳಿಬಜೆ ಉಂಟು. ಸಿಂಹ ಎಲ್ಲಿಂದ ತರ್ಲಿ?” ಕಚೇರಿಯಲ್ಲಿ ನಗದವರು ರಾಯರೊಬ್ಬರೇ. ಅವರು ಅದನ್ನು ತೆಗೆದುಕೊಂಡು, ತಿದ್ದಿ, ಕಾರ್ಕಳಕ್ಕೆ ದಾಟಿಸಿದರು. ಕೊನೆಯ ಪದ ತಪ್ಪಿದರೆ ಮೊದಲಿನ ಪದ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಶ್ರಾವ್ಯ, ನಿಮ್ಮಲ್ಲೂ ಹೀಗೇ ಇರಬೇಕಲ್ವಾ?

ಮಣಿಪಾಲದವರ ದಾರಿಯೇ ಬೇರೆ. ಅಲ್ಲಿಂದ ಬರುವ ಪ್ಯಾಂಟು ಶರ್ಟಿನ ಹುಡುಗರಿಗೆ ದೇವರ ಹೆಸರೂ ಬೇಡ, ಹೂವಿನ ಹೆಸರೂ ಬೇಡ. ತಮ್ಮ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಯಾವ ಭಾಷೆಯಲ್ಲೂ ಇಲ್ಲದ ಪದಗಳನ್ನು ಮಾಡಿಕೊಂಡು ಬರುವರು. ಇದಕ್ಕೆ ಅರ್ಥ ಎಂತ ಎಂದು ಕೇಳಿದರೆ, ಅರ್ಥ ಇಲ್ಲ, ಆದ್ದರಿಂದ ಬೇರೆ ಯಾರೂ ಹಿಡಿದಿರುವುದಿಲ್ಲ ಎನ್ನುವರು. ನನಗೆ ಆಗ ಸಿಟ್ಟು ಬರುತ್ತಿತ್ತು. ಈಗಿನ ಕಂಪನಿಗಳ ಹೆಸರು ಕೇಳುವಾಗ ಆ ಹುಡುಗರು ಮುಂದಾಲೋಚನೆಯವರು ಎಂದು ಒಪ್ಪಬೇಕಾಗುತ್ತದೆ.

ಇನ್ನು ತಾರಾಯಿಯ ವಿಷಯ. ತಾರಾಯಿ ಎಂದರೆ ತುಳುವಿನಲ್ಲಿ ತೆಂಗಿನಕಾಯಿ. ಆದಿ ಉಡುಪಿಯಲ್ಲಿ ಕಾಯಿ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ದೂಮಣ್ಣ ಎಂಬವರ ತಂತಿ ವಿಳಾಸ ಅದು. ದೂಮಣ್ಣನಿಗೆ ಶಕುನ, ಮುಹೂರ್ತ ಒಂದೂ ಇರಲಿಲ್ಲ. ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಹೆಚ್ಚುಕಡಿಮೆ ಆಷಾಢದಲ್ಲಿ, ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿಗೆ ಬೋರ್ಡು ಕೂಡ ಹಾಕುವುದಿಲ್ಲ. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆಯೇ ಎಲ್ಲ. ದೂಮಣ್ಣ ಮಾತ್ರ ಆಟಿಯಲ್ಲೇ ಬಂದು ಹೆಸರು ಹಿಡಿದವರು, ಆಗ ಕಿಟಕಿಯಲ್ಲಿ ಜನ ಇರುವುದಿಲ್ಲ ಎಂಬ ಕಾರಣಕ್ಕೆ. ಆದ್ದರಿಂದ ಅವರ ವರ್ಷ ಪ್ರತಿ ಸಲವೂ ಆಟಿಯಲ್ಲೇ ಮುಗಿಯುತ್ತಿತ್ತು.

ಅವರ ಕಿರಿಯ ಮಗ ವಿಠಲ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಹೋಗಿ ಮುಂಬಯಿಯಲ್ಲಿ ಹಡಗು ಹತ್ತಿದ್ದ. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿಯೇ ಹೋಗಿದ್ದನಂತೆ. ಆಟಿಯಲ್ಲಿ ಹೆಸರು ಹಿಡಿದರೆ ಹೀಗೇ ಆಗುವುದು ಎಂದು ಜನ ಆಡಿಕೊಂಡರು. ಆದರೆ ಆ ಹುಡುಗ ವರ್ಷಕ್ಕೊಮ್ಮೆಯೋ ಎರಡು ಸಲವೋ ತಂತಿ ಕಳಿಸುತ್ತಿದ್ದ. ‘ತಾರಾಯಿ, ಉಡುಪಿ, ಇಂಡಿಯಾ’, ಕೆಳಗೆ ಕ್ಷೇಮ ಎಂಬ ಅರ್ಥದ ಒಂದೇ ಇಂಗ್ಲಿಷ್ ಪದ, ಅದರ ಕೆಳಗೆ ಅವನ ಹೆಸರು. ಒಮ್ಮೆ ಏಡನ್, ಒಮ್ಮೆ ಬಸ್ರಾ, ಒಮ್ಮೆ ನಾನು ಭೂಪಟದಲ್ಲಿ ಹುಡುಕಿ ಹುಡುಕಿ ಸೋತ ಯಾವುದೋ ಬಂದರು. ಹಡಗು ಒಂದು ಕಡೆ ನಿಲ್ಲುವುದಲ್ಲ, ಆದ್ದರಿಂದ ಇಲ್ಲಿಂದ ಉತ್ತರ ಬರೆಯಲು ಅವನಿಗೆ ವಿಳಾಸವೇ ಇರಲಿಲ್ಲ. ತನ್ನ ತಂತಿ ಮುಟ್ಟಿತೋ ಇಲ್ಲವೋ ಎಂಬುದೂ ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಪ್ರಪಂಚದ ಯಾವ ಮೂಲೆಯಿಂದಲೋ ಒಬ್ಬ ಹುಡುಗ ನಮ್ಮ ತುಳು ಪದವೊಂದನ್ನು ಗುಮಾಸ್ತನಿಗೆ ಬರೆದು ಕೊಡುತ್ತಾನೆ, ಅರ್ಥ ತಿಳಿಯದ ಎಷ್ಟೋ ಕೈಗಳು ಅದನ್ನು ಒಂದಕ್ಷರ ತಪ್ಪದೆ ದಾಟಿಸುತ್ತವೆ, ಅದು ಆದಿ ಉಡುಪಿಯ ಕೊಬ್ಬರಿ ಅಂಗಡಿಗೆ ಬಂದು ಮುಟ್ಟುತ್ತದೆ. ಪ್ರತಿ ಸಲವೂ ನಾನು ಆ ತಂತಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ದೂಮಣ್ಣ ತೀರಿಕೊಂಡರು. ಅವರ ಮನೆತನದಲ್ಲಿ ಅಳಿಯಕಟ್ಟು, ಅಂದರೆ ವ್ಯಾಪಾರ ಹೋಗುವುದು ಮಗನಿಗಲ್ಲ, ತಂಗಿಯ ಮಗನಿಗೆ. ಆ ಅಳಿಯ ಶೇಖರ ನಮ್ಮ ಕಿಟಕಿಗೆ ಬಂದು, ಅಂಗಡಿ ನನಗೆ ಬಂದಿದೆ, ಹೆಸರೂ ನನಗೇ ಎಂದ.

ರಾಯರು ಒಳಗಿನಿಂದ ಎದ್ದು ಬಂದರು. “ಅಂಗಡಿ ಬರ್ತದೆ, ತಕ್ಕಡಿ ಬರ್ತದೆ. ಹೆಸರು ಬರುದಿಲ್ಲ. ಅದು ನಿಮ್ಮ ಮಾವನದ್ದೂ ಆಗಿರ್ಲಿಲ್ಲ. ವರ್ಷ ಮುಗಿದ ಮೇಲೆ ಮೊದಲು ಬಂದು ಕೇಳಿದರೆ ನಿಮಗೆ ಸಿಗ್ತದೆ.”

ಶೇಖರನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಅಂಗಡಿ ಮುಚ್ಚಿ ಮುಂಬಯಿಗೆ ಹೋಗುವ ಯೋಚನೆಯಲ್ಲಿದ್ದ. ಹೋಗುವಾಗ ಕೊಬ್ಬರಿಯ ದೊಡ್ಡ ವ್ಯಾಪಾರಿ ಪದ್ಮಯ್ಯ ಸಾಹುಕಾರರಿಗೆ ವಿಷಯ ತಿಳಿಸಿ ಹೋದ. ಸಾಹುಕಾರರಿಗೆ ಆ ಪದದ ಮೇಲೆ ಮೊದಲಿನಿಂದಲೂ ಕಣ್ಣು. ಮುಂಬಯಿಯ ಕೊಬ್ಬರಿ ಪೇಟೆಯಲ್ಲಿ ತಾರಾಯಿ ಎಂದರೆ ಎಲ್ಲರಿಗೂ ಗೊತ್ತು. ಪದ ಸಿಕ್ಕಿದರೆ ಗಿರಾಕಿಗಳೂ ಹಿಂದೆಯೇ ಬರುತ್ತಾರೆ. ಅವರು ಬಂದು ವರ್ಷ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ನಾನು ದಿನ ಹೇಳಿದೆ.

ಸಾಹುಕಾರರು ಬೆರಳು ಮಡಚಿ ಎಣಿಸಿದರು. “ಅದು ಆಟಿಯಲ್ಲಿ ಬರ್ತದಲ್ಲ? ಛೆ ಛೆ. ಸೋಣ ಸಂಕ್ರಮಣ ಕಳೆಯಲಿ, ಒಳ್ಳೆ ದಿನ ನೋಡಿ ಬರ್ತೇನೆ. ಅದನ್ನು ಯಾರು ಕದ್ದುಕೊಂಡು ಹೋಗ್ತಾರೆ?”

ಅದರ ಎರಡು ಮೂರು ದಿನಕ್ಕೆ ದೂಮಣ್ಣನ ಹೆಂಡತಿ ಗಿರಿಜಕ್ಕ ಬಂದರು. ಅಂಗಡಿಯ ಹಿಂದಿನ ಮನೆ ಬಿಟ್ಟು ಅಂಬಲಪಾಡಿಯಲ್ಲಿ ಮಗಳ ಜೊತೆ ಇದ್ದರು. ಮಾತಿಗೆ ಪೀಠಿಕೆ ಹಾಕುವ ಹೆಂಗಸಲ್ಲ.

“ಮಗಾ, ಇನ್ನು ನಮ್ಮ ವಿಠಲನ ತಂತಿ ಬಂದರೆ ಯಾರ ಮನೆಗೆ ಹೋಗ್ತದೆ?”

“ಆ ಹೆಸರು ಯಾರ ಕೈಯಲ್ಲಿ ಉಂಟೋ ಅವರ ಮನೆಗೆ ಗಿರಿಜಕ್ಕಾ.”

“ಯಾರ ಕೈಯಲ್ಲೂ ಇಲ್ಲದಿದ್ರೆ?”

“ಅಂಥ ಹೆಸರು ಇಲ್ಲ ಅಂತ ಕಳಿಸಿದ ಊರಿಗೆ ತಿಳಿಸ್ತೇವೆ. ಅಷ್ಟರಲ್ಲಿ ಅವನ ಹಡಗು ಹೋಗಿರ್ತದೆ.”

ಅವರು ಗಂಡನನ್ನು ಕಳೆದುಕೊಂಡು ತಿಂಗಳೂ ಸರಿಯಾಗಿ ಕಳೆದಿರಲಿಲ್ಲ. ಈಗ ಆ ಪದ ಕೈ ತಪ್ಪಿದರೆ ಮಗನೂ ಕೈ ತಪ್ಪಿದ ಹಾಗೆ. ಸಾಹುಕಾರರಿಗೆ ಹೇಳಿದ ದಿನವನ್ನೇ ಅವರಿಗೂ ಹೇಳಿದೆ. ಅದು ಎಲ್ಲರಿಗೂ ಹೇಳುವ ಮಾತು, ಅದರಲ್ಲಿ ಗುಟ್ಟಿಲ್ಲ. ಅಂಗಡಿ ಇಲ್ಲದವರಿಗೂ ಹೆಸರು ಕೊಡುತ್ತೀರಾ ಎಂದು ಕೇಳಿದರು. ರಾಯರು ತಮ್ಮ ಮೇಜಿನಿಂದಲೇ, “ಯಾರೇ ಆಗ್ಬಹುದು. ಕಿಟಕಿಗೆ ಮೊದಲು ಬಂದವರಿಗೆ” ಎಂದರು.

ವರ್ಷ ಮುಗಿದ ಮರುದಿನ ಬೆಳಿಗ್ಗೆ ಕಿಟಕಿಯ ಬಾಗಿಲು ತೆರೆದಾಗ ಆಟಿಯ ಮಳೆ ಸುರಿಯುತ್ತಿತ್ತು. ಗಿರಿಜಕ್ಕ ಸೀರೆ ಒದ್ದೆ ಮಾಡಿಕೊಂಡು ಅಲ್ಲಿಯೇ ನಿಂತಿದ್ದರು. ಹಿಂದೆ ಯಾರೂ ಇಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ, “ಆಟಿ ಅಲ್ವಾ ಗಿರಿಜಕ್ಕಾ, ಪರವಾಗಿಲ್ಲವಾ?” ಎಂದು ಕೇಳಿಬಿಟ್ಟೆ.

“ನಾನು ಹೊಸತು ಎಂತದೂ ಶುರು ಮಾಡುದಲ್ಲ ಮಗಾ. ಅವ ಬರುವ ಹಳೆ ದಾರಿ ಮುಚ್ಚದ ಹಾಗೆ ನೋಡುದು. ಅದಕ್ಕೆ ಆಟಿ ಎಂತ, ಸೋಣ ಎಂತ?”

ನಾನು ತಾರಾಯಿಯನ್ನು ಅವರ ಹೆಸರಿಗೆ ಬರೆದೆ. ಮನೆಯ ವಿಳಾಸ ಅಂಬಲಪಾಡಿ ಎಂದು ಬದಲಾಯಿಸಿದೆ. ಮಗಳ ಮನೆಯ ಜಗಲಿಯಲ್ಲಿ ಕೂತು ಸೊಪ್ಪು ಸೋಸುವ ಹೆಂಗಸಿಗೆ ದೊಡ್ಡ ದೊಡ್ಡ ಕಂಪನಿಗಳಿಗೆ ಇರುವಂಥ ತಂತಿ ವಿಳಾಸ! ಅವರು ಕೊಡೆ ಬಿಡಿಸಿಕೊಂಡು ಹೋದ ಮೇಲೆ ರಾಯರು ನನ್ನ ಬರಹವನ್ನು ಪರೀಕ್ಷಿಸಿ ಸಹಿ ಹಾಕಿದರು.

ಸೋಣ ಸಂಕ್ರಮಣ ಕಳೆದು ಒಳ್ಳೆಯ ದಿನ ನೋಡಿ ಸಾಹುಕಾರರು ಬಂದರು. ಹಣೆಯಲ್ಲಿ ಗಂಧ, ಅವರ ಕ್ಲಾರ್ಕನ ಕೈಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಜುಟ್ಟಿನ ತೆಂಗಿನಕಾಯಿ. ಪದ ಹೋಗಿದೆ ಎಂದೆ. ಯಾರಿಗೆ ಹೋಗಿದೆ ಎಂದು ನಾವು ಹೇಳಲಿಲ್ಲ. ಆದರೆ ಆದಿ ಉಡುಪಿಯಲ್ಲಿ ಅಂಥದ್ದನ್ನು ಮುಚ್ಚಿಡಲು ಬ್ರಹ್ಮನಿಂದಲೂ ಆಗದು, ಮಧ್ಯಾಹ್ನದೊಳಗೆ ಅವರಿಗೆ ತಿಳಿಯಿತು. ಸಾಹುಕಾರರು ಕೂಗಾಡಿದರು. ವ್ಯಾಪಾರ ಇಲ್ಲದ ಹೆಂಗಸಿಗೆ ವ್ಯಾಪಾರದ ಹೆಸರು ಯಾಕೆ ಎಂದರು. ಅವರಿಗೆ ಮೇಲಿನವರ ಪರಿಚಯವಿತ್ತು. ಮರುದಿನ ಮಂಗಳೂರಿನಿಂದ ರಾಯರಿಗೆ ಫೋನು ಬಂತು. ಸ್ವಲ್ಪ ನೋಡಿ ಹೊಂದಿಸಲು ಆಗುತ್ತದೆಯೇ ಎಂದು ಮೇಲಿನವರು ಕೇಳಿದರೆಂದು ರಾಯರ ಉತ್ತರದಿಂದಲೇ ನಮಗೆ ಗೊತ್ತಾಯಿತು.

“ಇಲ್ಲ ಸಾರ್. ಅವರಿಗೂ ಅದೇ ದಿನ ಹೇಳಿತ್ತು. ಆಟಿ ಅಂತ ಬರ್ಲಿಲ್ಲ... ಹೌದು ಸಾರ್, ನಮ್ಮ ಮನೆಯಲ್ಲೂ ಆಟಿ ನೋಡ್ತಾರೆ. ಆದರೆ ಆಟಿಗೆ ಇಲಾಖೆ ಬಾಗಿಲು ಹಾಕುದಿಲ್ಲ ಸಾರ್.”

ಆ ಕಡೆಯಿಂದ ನಗು ಕೇಳಿಸಿತು. ಮೇಲಿನವರೂ ನಮ್ಮ ಕಡೆಯವರೇ. ಮಾತು ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಓಡಾಡುವ ಒಬ್ಬ ಮಾಸ್ಟರು, ಕೊಬ್ಬರಿಯ ಸಾಹುಕಾರರು, ಮಂಗಳೂರಿನ ಮೇಲಧಿಕಾರಿ, ಎಲ್ಲರೂ ಒಂದು ಸಣ್ಣ ನಿಯಮದ ಮುಂದೆ ಸಾಲಾಗಿ ನಿಂತದ್ದನ್ನು ಆ ದಿನ ನೋಡಿದೆ. ನನಗೆ ನನ್ನ ಕೆಲಸದ ಮೇಲೆ ಗೌರವ ಹುಟ್ಟಿದ್ದು ಆಗ. ಶ್ರಾವ್ಯ, ನಿಮ್ಮ ಕಿಟಕಿ ಕಂಪ್ಯೂಟರಿನೊಳಗೆ ಇರಬಹುದು. ಅಲ್ಲೂ ಮೊದಲು ಬಂದವರಿಗೇ ಕೊಡಿ. ಒಮ್ಮೆ ಯಾರಿಗೋ ಹೊಂದಿಸಿದಿರೋ, ಆಮೇಲೆ ಆ ಕಿಟಕಿಯನ್ನು ಯಾರೂ ನಂಬುವುದಿಲ್ಲ.

ಸಾಹುಕಾರರೂ ಕಲಿತರು. ಆಟಿಯಲ್ಲಿ ಮನೆಯ ಗೇಟು ದಾಟಲು ಹಿಂದೆ ಮುಂದೆ ನೋಡುವ ಮನುಷ್ಯ, ಮುಂದಿನ ವರ್ಷದಿಂದ ಆ ದಿನಕ್ಕೆ ಸರಿಯಾಗಿ ಕ್ಲಾರ್ಕನನ್ನು ಕಿಟಕಿಗೆ ಕಳಿಸುತ್ತಿದ್ದರು. ಗಿರಿಜಕ್ಕ ಅವನಿಗಿಂತ ಮೊದಲೇ ಬಂದು ಮುಂದುವರಿಸಿ ಹೋಗಿರುತ್ತಿದ್ದರು. ಒಂದು ವರ್ಷ ಕಾಲು ಊದಿಕೊಂಡು ಏಳಲಾರದಾದಾಗ ಮಗಳನ್ನು ಓಡಿಸಿದರು. ಒಮ್ಮೆಯೂ ತಪ್ಪಲಿಲ್ಲ.

ಎಂಬತ್ತರ ದಶಕದಲ್ಲಿ ಕಚೇರಿ ಬದಲಾಯಿತು. ಮೋರ್ಸ್ ಯಂತ್ರದ ಕಟಕಟ ನಿಂತು ಟೆಲಿಪ್ರಿಂಟರ್ ಬಂತು. ಅಲ್ಲಿಯವರೆಗೆ ಕಿವಿಯಿಂದ ಕೇಳಿ ಬರೆಯುತ್ತಿದ್ದೆವು, ಈಗ ಕಾಗದದ ಮೇಲೆ ಅಕ್ಷರಗಳು ತಾವೇ ಮೂಡತೊಡಗಿದವು. ಮಂಗಳೂರಿನಲ್ಲಿ ಯಾರೋ ಒತ್ತಿದ ಅಕ್ಷರ ನನ್ನ ಕಣ್ಣೆದುರು, ಯಾರೂ ಮುಟ್ಟದೆ! ಮೊದಲ ದಿನ ನಾವೆಲ್ಲ ಸುತ್ತ ನಿಂತು ಬಾಯಿ ಬಿಟ್ಟು ನೋಡಿದೆವು. ರಾಯರು ಚಪ್ಪಲಿ ಬಿಚ್ಚಿ ದೂರ ಇಟ್ಟು ಅದರ ಮುಂದೆ ನಿಂತರು. ಯಾಕೆ ಸಾರ್ ಎಂದರೆ, ಸುಮ್ಮನೆ ಎಂದರು. ಒಂದು ಬೆಳಿಗ್ಗೆ ಆ ಯಂತ್ರದಲ್ಲಿ ತಾರಾಯಿ ಎಂಬ ಪದ ಅಕ್ಷರ ಅಕ್ಷರವಾಗಿ ಮೂಡಿ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ವಿಠಲ ಕ್ಷೇಮ.

ಅದಾದ ಮೇಲೆ ತಂತಿ ಬರಲಿಲ್ಲ. ಒಂದು ವರ್ಷ ದಾಟಿತು. ಗಿರಿಜಕ್ಕ ಆಟಿಯಲ್ಲಿ ಬಂದರು, ಮುಂದುವರಿಸಿದರು, ಏನೂ ಕೇಳದೆ ಹೋದರು.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ಒಬ್ಬ ಬಂದು ನಿಂತ. ಬಿಸಿಲಿಗೆ ಕಪ್ಪಾದ ಮುಖ, ಅರ್ಧ ನರೆತ ಗಡ್ಡ, ಹೆಗಲಲ್ಲಿ ಹಡಗಿನವರ ಚೀಲ. ಕನ್ನಡ ಮಾತಾಡಿ ಬಹಳ ದಿನವಾದವನ ಹಾಗೆ ತಡೆದು ತಡೆದು ಕೇಳಿದ.

“ಒಂದು ಹೆಸರು ಈಗಲೂ ಉಂಟಾ ಅಂತ ನೋಡ್ಲಿಕ್ಕೆ ಆಗ್ತದಾ?”

“ಯಾವ ಹೆಸರು?”

“ತಾರಾಯಿ.”

ನನ್ನ ಕೈಯ ಪೆನ್ನು ಮೇಜಿಗೆ ಬಿತ್ತು. ಪದ ಬಳಕೆಯಲ್ಲಿ ಉಂಟೋ ಇಲ್ಲವೋ ಎಂದು ಯಾರಿಗೆ ಬೇಕಾದರೂ ಹೇಳಬಹುದು. “ಉಂಟು” ಎಂದೆ.

“ಯಾರ ಹತ್ತಿರ ಉಂಟು?”

“ಅದು ಹೇಳ್ಲಿಕ್ಕೆ ಆಗುದಿಲ್ಲ.”

“ನಾನು ಆ ಹೆಸರಿಗೆ ಎಷ್ಟೋ ತಂತಿ ಕಳಿಸಿದ್ದೇನೆ. ಮುಟ್ಟಿದೆಯಾ ಅಂತ...”

“ಅದೂ ಹೇಳ್ಲಿಕ್ಕೆ ಆಗುದಿಲ್ಲ.”

ನನ್ನ ನಾಲಿಗೆಯ ತುದಿಯಲ್ಲಿ ಅಂಬಲಪಾಡಿ ಕುಣಿಯುತ್ತಿತ್ತು. ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಾನು ಬಾಯಿ ಮುಚ್ಚಿದ್ದಿಲ್ಲ. ತಿರುಗಿ ನೋಡಿದರೆ ರಾಯರು ಆಗಲೇ ಎದ್ದು ಬರುತ್ತಿದ್ದರು.

“ಊರಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸ್ತಾರಲ್ಲ?” ಎಂದರು.

“ತೋರಿಸ್ತಾರೆ ಸಾರ್. ಅಂಗಡಿ ಇಲ್ಲ, ಅಪ್ಪ ಇಲ್ಲ ಅಂತ ಬಸ್‌ಸ್ಟ್ಯಾಂಡಿನಲ್ಲೇ ಹೇಳಿದ್ರು. ಅಮ್ಮ ಎಲ್ಲಿದ್ದಾರೆ ಅಂತ ನಾನೇ ಕೇಳ್ಲಿಲ್ಲ.” ಅವನು ಸರಳನ್ನು ಹಿಡಿದುಕೊಂಡ. “ಅಪ್ಪನ ಹೆಣಕ್ಕೆ ಹೆಗಲು ಕೊಡದವ ನಾನು. ಯಾವ ಮುಖ ಇಟ್ಟುಕೊಂಡು ಹೋಗ್ಲಿ? ಆ ಹೆಸರು ಶೇಖರ ಭಾವ ತಕ್ಕೊಂಡಿರಬಹುದು, ಬೇರೆ ಯಾರೋ ವ್ಯಾಪಾರಿ ತಕ್ಕೊಂಡಿರಬಹುದು. ಹಾಗಾದರೆ ನನ್ನನ್ನು ಅಲ್ಲಿ ಯಾರೂ ಕಾಯ್ತಾ ಇಲ್ಲ, ನಾನು ಬಂದ ಬಸ್ಸಿಗೇ ವಾಪಸ್ ಹೋಗ್ತೇನೆ. ಅಮ್ಮ ಇಟ್ಟುಕೊಂಡಿದ್ದರೆ ಮಾತ್ರ...”

ರಾಯರು ನನ್ನ ಮೇಜಿನಿಂದ ಒಂದು ತಂತಿ ಫಾರಂ ತೆಗೆದು ಕಿಟಕಿಯಲ್ಲಿ ದಾಟಿಸಿದರು.

“ಯಾರ ಹತ್ತಿರ ಉಂಟು ಅಂತ ನಾವು ಹೇಳುದಿಲ್ಲ. ಆ ಹೆಸರಿಗೆ ಒಂದು ತಂತಿ ಕಳಿಸಿ. ಉಡುಪಿಯಿಂದ ಉಡುಪಿಗೂ ಕಳಿಸ್ಬಹುದು.” ಆಮೇಲೆ ಬಾಗಿಲಲ್ಲಿ ಕೂತಿದ್ದ ತಂತಿ ಹಂಚುವ ಸದಾನಂದನ ಕಡೆ ತಿರುಗಿದರು. “ಸದಾನಂದ, ಇದು ತಕ್ಕೊಂಡು ಹೋಗುವಾಗ ಸೈಕಲು ತುಳಿಯಬೇಡ, ನೂಕಿಕೊಂಡು ಹೋಗು. ರಸ್ತೆಯಲ್ಲಿ ಹೊಂಡ ಉಂಟು.” ಮತ್ತೆ ಕಿಟಕಿಯ ಕಡೆ ನೋಡದೆ, ಗಾಳಿಗೆ ಹೇಳುವ ಹಾಗೆ ಹೇಳಿದರು: “ರಸ್ತೆಯಲ್ಲಿ ಯಾರು ಯಾರ ಹಿಂದೆ ನಡೆಯಬಾರದು ಅಂತ ನಮ್ಮಲ್ಲಿ ನಿಯಮ ಇಲ್ಲ.”

ಅವನು ಬರೆದದ್ದು ಒಂದೇ ಪದ, ಬರುತ್ತಿದ್ದೇನೆ ಎಂಬ ಅರ್ಥದ್ದು. ಆ ಫಾರಂ ಯಾವ ತಂತಿಯ ಮೇಲೂ ಹೋಗಲಿಲ್ಲ, ಯಾವ ಸಮುದ್ರವನ್ನೂ ದಾಟಲಿಲ್ಲ. ಕಿಟಕಿಯಿಂದ ನನ್ನ ಕೈಗೆ ಬಂತು, ನಾನು ಪದ ನೋಡಿ ಮನೆಯ ವಿಳಾಸ ಬರೆದು ಲಕೋಟೆಗೆ ಹಾಕಿ ಸದಾನಂದನ ಕೈಗೆ ಕೊಟ್ಟೆ. ಅಷ್ಟೂ ಸಮುದ್ರಗಳಿಂದ ಆ ಪದವನ್ನು ಕಳಿಸಿದವನು ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಸದಾನಂದ ಸೈಕಲು ನೂಕುತ್ತಾ ಹೊರಟ. ಸ್ವಲ್ಪ ಹಿಂದೆ ಚೀಲ ಹೆಗಲಿಗೇರಿಸಿ ಅವನು. ನಾವು ಕೆಲಸ ಬಿಟ್ಟು ಜಗಲಿಗೆ ಬಂದು ಅವರಿಬ್ಬರೂ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆವು. ರಾಯರೂ ಬಂದು ನಿಂತಿದ್ದರು.

ಸದಾನಂದ ಹಿಂದಿರುಗಿದಾಗ ಸಂಜೆಯಾಗಿತ್ತು. ಸೈಕಲು ಒರಗಿಸುವ ಮೊದಲೇ ಹೇಳಲು ಶುರು ಮಾಡಿದ.

“ಅಂಬಲಪಾಡಿಯ ದಾರಿ ಹಿಡಿದಾಗಲೇ ಅವ ನಿಂತ ಅಕ್ಕ. ಇದು ಅಂಗಡಿಗಳ ರಸ್ತೆ ಅಲ್ಲವಲ್ಲ ಅಂತ ಕೇಳಿದ. ನಾನು ಎಂತದೂ ಹೇಳ್ಲಿಲ್ಲ, ಸೈಕಲು ನೂಕಿದೆ. ಮನೆ ಬಂತು. ಗೇಟಿನ ಹೊರಗೆ ಗೋಡೆಯ ಮರೆಯಲ್ಲಿ ಅವ ಉಳಿದ. ಗಿರಿಜಕ್ಕ ಜಗಲಿಯಲ್ಲಿ ಬಸಳೆ ಸೋಸ್ತಾ ಇದ್ರು. ತಂತಿ ಅಂದೆ. ಸೆರಗಿಗೆ ಕೈ ಒರೆಸಿಕೊಂಡು, ಎಲ್ಲಿಂದ ಬಂತು ಅಂತ ಕೇಳಿದ್ರು.”

“ನೀನು ಎಂತ ಹೇಳಿದೆ?”

“ಇದ್ದದ್ದು ಹೇಳಿದೆ. ಉಡುಪಿಯಿಂದ ಅಂತ.”

ಸದಾನಂದ ಸೈಕಲನ್ನು ಗೋಡೆಗೆ ಒರಗಿಸಿದ. “ಒಳಗೆ ಎಂತ ಬರೆದಿದೆ ಅಂತ ಕೇಳ್ಲೇ ಇಲ್ಲ ಅಕ್ಕ. ಲಕೋಟೆಯನ್ನೂ ಮುಟ್ಲಿಲ್ಲ. ನನ್ನನ್ನು ಬದಿಗೆ ಸರಿಸಿ ಬರಿಗಾಲಲ್ಲಿ ಗೇಟಿಗೆ ಓಡಿದ್ರು.”

ನಾನು ಅಳು ತಡೆಯಲು ಹೋಗಲಿಲ್ಲ. ಸದಾನಂದ ತಂತಿ ಮುಟ್ಟಿಸಿದ್ದಕ್ಕೆ ಸಹಿ ಪಡೆಯಬೇಕಾದ ರಸೀದಿಯನ್ನು ಮೇಜಿನ ಮೇಲಿಟ್ಟ. ಅದು ಖಾಲಿ ಇತ್ತು. ಸಹಿಯಿಲ್ಲದ ರಸೀದಿಯನ್ನು ರಾಯರು ಎಂದೂ ಒಪ್ಪಿದವರಲ್ಲ.

“ಸಹಿ ಎಲ್ಲಿ?” ಎಂದರು.

“ಹಾಕ್ಲಿಕ್ಕೆ ಮನೆಯಲ್ಲಿ ಯಾರೂ ಇರ್ಲಿಲ್ಲ ಸಾರ್. ಎಲ್ಲರೂ ರಸ್ತೆಯಲ್ಲಿ ಇದ್ರು.”

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪೆನ್ನು ತೆಗೆದು, ಸಹಿ ಇರಬೇಕಾದ ಜಾಗದಲ್ಲಿ ತಾವೇ ‘ತಲುಪಿದೆ’ ಎಂದು ಬರೆದರು.